ಅರ್ಧ ಡಿಗ್ರಿ

ಕಿಸೆಯಲ್ಲಿ ಮುನ್ನೂರ ನಲವತ್ತು ಡಾಲರು.
ಬೇಕರಿಯಲ್ಲಿ ಹನ್ನೊಂದು ರಾತ್ರಿ ಹೆಚ್ಚಿಗೆ ನಿಂತು
ಹಿಟ್ಟು ನಾದಿ ಗಳಿಸಿದ್ದು. ನೋಟಿಗೂ ಈಸ್ಟಿನ ವಾಸನೆ.

ಚಿನ್ನ ಅಗೆಯಲು ಬಂದವರು ಅವಸರಕ್ಕೆ ಕಟ್ಟಿದ ಮನೆ ನಮ್ಮದು,
ಬ್ಯಾಲರಾಟಿನ ಇಳಿಜಾರು ಬೀದಿಯಲ್ಲಿ.
ಯಾವ ಮೂಲೆಯೂ ತೊಂಬತ್ತಲ್ಲ.
ಒಂದು ಬಾಗಿಲು ಎಂಬತ್ತೊಂಬತ್ತು, ಇನ್ನೊಂದು ತೊಂಬತ್ತೊಂದೂವರೆ.
ಅಡುಗೆಮನೆಯದನ್ನು ಅಳೆದು ಯಾರಿಗೂ ಹೇಳಿಲ್ಲ.

ಬಾಗಿಲ ಸುತ್ತಿನ ಹಳೆಯ ಪಟ್ಟಿ ಲಡ್ಡಾಗಿತ್ತು.
ಬಡಗಿ ಹೇಳಿದ ರೇಟು ಕೇಳಿ
ಬಸವಂತ ಚಹಾದ ಕಪ್ಪು ಮೆಲ್ಲಗೆ ಕೆಳಗಿಟ್ಟ.
"ನಾನೇ ಮಾಡ್ತೀನಿ" ಅಂದೆ.
ಅಂದ ಮೇಲೆ ಹೆದರಿದೆ.

ಪಟ್ಟಿಯ ಅಗಲ ಗೇಣಿಗೆ ನಾಲ್ಕು ಬೆರಳು ಕಡಿಮೆ.
ನೆಟ್ಟಗೆ ಕೊಯ್ಯಲು ಸಣ್ಣ ಗರಗಸವೇ ಸಾಕು.
ಓರೆಯಾಗಿ ಕೊಯ್ಯಹೋದರೆ ಅದೇ ಅಗಲ ಬೆಳೆಯುತ್ತದೆ,
ನೇರ ಹೇಳಿದರೆ ಮುಗಿಯುವ ಮಾತು
ಸುತ್ತಿ ಬಳಸಿದರೆ ಬೆಳೆಯುವಂತೆ.
ಅದಕ್ಕೇ ಬೇಕು, ಹಳಿಯ ಮೇಲೆ ಮುಂದಕ್ಕೆ ಜಾರುವಂಥದು.

ಅಂಗಡಿಯಲ್ಲಿ ಮೂರಿದ್ದವು, ಸಾಲಾಗಿ, ಸರಪಳಿ ಹಾಕಿಸಿಕೊಂಡು.
ನೂರಾ ಎಪ್ಪತ್ತೊಂಬತ್ತರದ್ದಕ್ಕೆ ಲೇಸರಿನ ಕೆಂಪು ಗೆರೆ, ಬೆಡಗು.
ತಲೆ ಹಿಡಿದು ಮುಂದಕ್ಕೆಳೆದು ಅಲ್ಲಾಡಿಸಿದೆ.
ಮಾವನ ಮನೆಗೆ ಬಂದ ಹೊಸ ಅಳಿಯನಂತೆ
ಆಡಿಸಿದ ಕಡೆಗೆಲ್ಲ ಆಡಿತು.
ಆರುನೂರರದ್ದು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಜಾರಿತು.
ಬೇರೆಯವರ ಮಗುವನ್ನು ಎತ್ತಿಕೊಂಡು ವಾಪಸು ಕೊಡುವಂತೆ
ಹಿಡಿಯಿಂದ ಕೈ ತೆಗೆದೆ.
ನಡುವಿನದ್ದು ನಾಲ್ಕುನೂರ ಇಪ್ಪತ್ತು.
ಎಂಬತ್ತು ಡಾಲರು ದೂರ, ಅಂದರೆ ಇನ್ನೂ ಮೂರು ರಾತ್ರಿ.
ಸೊಂಟ ಬೇಡವೆಂದಿತು.

ಕೊನೆಗೆ ಸೆಬಾಸ್ಟಪೋಲಿನ ಗ್ಲೆನಿಸ್,
ಮೂವತ್ತು ವರ್ಷ ಪಟಗಳಿಗೆ ಕಟ್ಟು ಹಾಕಿದವಳು.
ಈಗ ಮಣಿಕಟ್ಟು ಸೋತಿದೆ.
ಹತ್ತಿಂಚಿನ ಗರಗಸ, ಇನ್ನೂರ ನಲವತ್ತಕ್ಕೆ.
"ಗೀರು ನೋಡಬೇಡ, ಕೊಯ್ದದ್ದು ನೋಡು."
ಪೈನ್ ತುಂಡೊಂದನ್ನು ಎರಡು ಮಾಡಿ,
ಒಂದು ಹೋಳನ್ನು ಮಗುಚಿ,
ಅಂಚಿಗೆ ಅಂಚು ಕೂಡಿಸಿ ಕಿಟಕಿಗೆ ಹಿಡಿದಳು.
ಸಂದಿಯಲ್ಲಿ ಬೆಳಕಿನದೊಂದು ಎಳೆ.
"ಮಗುಚಿದರೆ ತಪ್ಪು ಎರಡರಷ್ಟು ಕಾಣುತ್ತೆ.
ಇರೋದು ಇದರ ಅರ್ಧ. ಸ್ಕ್ರೂ ತಿರುಗಿಸಿದರೆ ಅದೂ ಇಲ್ಲ."

ಮಾರುವವರು ತಪ್ಪನ್ನು ದೊಡ್ಡದು ಮಾಡಿ ತೋರಿಸಿದ್ದು
ನಾನೆಲ್ಲೂ ಕಂಡಿರಲಿಲ್ಲ.
ಚೌಕಾಸಿಗೆಂದು ತೆರೆದ ಬಾಯಿ ಹಾಗೇ ಮುಚ್ಚಿದೆ.

ಉಳಿದ ನೂರರಲ್ಲಿ ಅರವತ್ತು ಹಲ್ಲಿನ ಹೊಸ ಬ್ಲೇಡು.
ಗರಗಸ ಯಾರದ್ದಾದರೂ ಇರಲಿ, ಹಲ್ಲು ಹೊಸದಿರಲಿ:
ಗಾದೆಯಂತಿದೆ, ಆದರೆ ಗ್ಲೆನಿಸಳ ಮಾತು.
ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ.
ಕೊನೆಯ ಆರು ಡಾಲರಿಗೆ ಬಡಗಿ ಪೆನ್ಸಿಲು,
ಕಿವಿಯ ಹಿಂದೆ ಸಿಕ್ಕಿಸಲಿಕ್ಕೆ, ಬರೆಯುವುದಕ್ಕಿಂತ ಹೆಚ್ಚಾಗಿ.

ಹಿಂದಿನ ಸೀಟಿನಲ್ಲಿ ಅದಕ್ಕೂ ಬೆಲ್ಟು ಹಾಕಿ
ತಿರುವುಗಳಲ್ಲಿ ನಿಧಾನ ಮಾಡಿ ಬಂದೆ.

ಹಾವೇರಿಯಲ್ಲಿ ಮೌನೇಶಪ್ಪ ಒಂದು ಕಣ್ಣು ಮುಚ್ಚಿ
ಮೂಲೆ ಅಳೆಯುತ್ತಿದ್ದ.
ನಾನು ಎರಡೂ ತೆರೆದು, ಮೂರು ಸಲ.

ಗರಗಸದ ಮೇಜಿನಲ್ಲಿ ನಲವತ್ತೈದಕ್ಕೊಂದು ಗುಳಿಯಿದೆ.
ತಿರುಗಿಸುತ್ತ ಬಂದರೆ ಟಕ್ಕನೆ ಅಲ್ಲೇ ಕೂರುತ್ತದೆ,
ಲೋಕದ ಮನೆಗಳೆಲ್ಲ ನೆಟ್ಟಗಿವೆ ಎಂದು ನಂಬಿದವರ ಹಾಗೆ.
ಮಲಗುವ ಕೋಣೆಯ ಬಾಗಿಲು ಎಂಬತ್ತೊಂಬತ್ತು.
ನನಗೆ ಬೇಕಾದ್ದು ನಲವತ್ತೈದೂವರೆ.
ಬಿಟ್ಟರೆ ಜಾರಿ ಗುಳಿಗೆ ಬೀಳುತ್ತದೆ.

ಎಡ ಹೆಬ್ಬೆರಳಲ್ಲಿ ಆ ಅರ್ಧ ಡಿಗ್ರಿಯನ್ನು ಒತ್ತಿ ಹಿಡಿದು
ತಿರುಪು ಬಿಗಿದು
ಕೈ ದೂರ ತೆಗೆದು
ಗುಂಡಿ ಅದುಮುತ್ತೇನೆ.